ನಾಲ್ಕು ಬೆರಳಿಗೊಂದು ಕತ್ತರಿ

ಸೊಟ್ಟಿ ಎಂಬ ಹೆಸರನ್ನು ಇಟ್ಟವಳೇ ಟೇಪಕ್ಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಆ ಹೆಸರಿಗೆ ಬಂದ ಯೋಗ ನೋಡಿ ಹೊಟ್ಟೆ ಉರಿದುಕೊಂಡವಳೂ ಅವಳೇ.

ಹದಿನೈದು ವರ್ಷದ ಹಿಂದೆ ಟೇಪಕ್ಕನ ಮೈದುನನ ಹೆಂಡತಿಯಾಗಿ ಆ ಮನೆಗೆ ಕಾಲಿಟ್ಟಾಗ ಸೊಟ್ಟಿಗೆ ಸೂಜಿಗೆ ದಾರ ಪೋಣಿಸುವುದೂ ನೆಟ್ಟಗೆ ಬರುತ್ತಿರಲಿಲ್ಲ. ಟೇಪಕ್ಕ ಆಗಲೇ ಗಾರ್ಮೆಂಟ್ಸಿನ ಚೆಕಿಂಗ್ ಟೇಬಲ್ಲಿನಲ್ಲಿ ಕೂತವಳು. ಕೊರಳಲ್ಲಿ ಸದಾ ಅಳತೆ ಟೇಪು. ಮಲಗುವಾಗಲಾದರೂ ತೆಗೆದಿಡು ಎಂದು ಗಂಡ ಗೋಳಾಡುತ್ತಿದ್ದ. ಹೊಲಿದು ಬಂದ ಅಂಗಿ ಒಂದು ನೂಲಿನಷ್ಟು ಆಚೀಚೆಯಾಗಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ತಪ್ಪಿದ್ದ ಜಾಗಕ್ಕೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುತ್ತಿದ್ದಳು. ಅವಳ ಬಾಣ ತಿನ್ನದ ಟೈಲರ್ ಆ ಕಾರ್ಖಾನೆಯಲ್ಲಿ ಒಬ್ಬಳೂ ಇರಲಿಲ್ಲ.

ಓರಗಿತ್ತಿಗೂ ಅಲ್ಲೇ ಕೆಲಸ ಕೊಡಿಸಬೇಕೆಂದು ಟೇಪಕ್ಕನೇ ಅವಳನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದಳು. ಮೊದಲ ಪಾಠ ಕಚ್ಚಾ ಹೊಲಿಗೆ. ಎರಡು ಬಟ್ಟೆ ಜರುಗದ ಹಾಗೆ ಕೈಯಲ್ಲಿ ಉದ್ದುದ್ದಕ್ಕೆ ಹಾಕುವ ಹೊಲಿಗೆ ಅದು. ಮೆಷಿನ್ ಹೊಲಿಗೆ ಬಿದ್ದ ಮೇಲೆ ಅದನ್ನು ಬಿಚ್ಚಿಬಿಡುತ್ತಾರೆ.

"ಕಚ್ಚಾ ಹೊಲಿಗೆ ಹಾಕೋದೇ ಬಿಚ್ಚೋದಕ್ಕೆ. ಆದ್ರೆ ಗಂಟು ಹಿಡಿದು ಸರ್ರಂತ ಎಳೀಬಾರ್ದು ಕಣೇ, ಬಟ್ಟೆ ಸುರುಟ್ಕೊಳ್ಳುತ್ತೆ. ನಾಲ್ಕು ಬೆರಳಿಗೊಂದು ಕತ್ತರಿ ಹಾಕು. ಆಮೇಲೆ ತುಂಡು ತುಂಡಾಗಿ ತೆಗಿ."

"ನಾಲ್ಕು ಬೆರಳು ನಿಮ್ದಾ, ನಂದಾ ಅಕ್ಕ?"

"ಬೆರಳು ಯಾರ್ದಾದ್ರೂ ಆಗ್ಲಿ, ಬಟ್ಟೆ ಹಾಳಾಗ್ಬಾರ್ದು."

ಬಿಚ್ಚುವುದನ್ನು ಹುಡುಗಿ ಒಂದೇ ದಿನದಲ್ಲಿ ಕಲಿತಳು. ಹೊಲಿಯುವುದನ್ನು ಮಾತ್ರ ಕೊನೆಯವರೆಗೂ ಕಲಿಯಲಿಲ್ಲ. ಸ್ಕೇಲ್ ಇಟ್ಟು ಗೆರೆ ಎಳೆದುಕೊಟ್ಟರೂ ಅವಳ ಹೊಲಿಗೆ ಗೆರೆ ಬಿಟ್ಟು ಅಡ್ಡಾಡಿಕೊಂಡು ಬರುತ್ತಿತ್ತು. "ಇವಳು ಸೊಟ್ಟಿ ಕಣ್ರೀ" ಎಂದು ಕಾರ್ಖಾನೆಗೆ ಸೇರಿಸಿದ ಮೇಲೆ ಟೇಪಕ್ಕ ಒಂದು ದಿನ ಅಂದದ್ದು ಮೆಷಿನ್ನುಗಳ ಇಡೀ ಲೈನಿಗೆ ಹಬ್ಬಿತು, ಬೀದಿಗೆ ಹಬ್ಬಿತು, ಕಡೆಗೆ ಅವಳ ಗಂಡನೂ ಹಾಗೇ ಕರೆಯತೊಡಗಿದ. ಅವಳೇನೂ ಮುಖ ಊದಿಸಿಕೊಳ್ಳಲಿಲ್ಲ. ಯಾರು ಹಾಗೆ ಕರೆದರೂ "ಓ" ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಕಾರ್ಖಾನೆಗೆ ಬೀಗ ಬಿತ್ತು. ಮೆಷಿನ್ನುಗಳನ್ನು ಲಾರಿಗೆ ತುಂಬಿಕೊಂಡು ಹೋದರು. ಉಳಿದದ್ದು ಉದ್ದನೆಯ ಕಟಿಂಗ್ ಹಾಲ್, ಮೂಲೆಯಲ್ಲಿ ಒಂದಷ್ಟು ಬಟ್ಟೆಯ ಸುರುಳಿ ಮತ್ತು ಕೆಲಸವಿಲ್ಲದ ಹೆಂಗಸರು. ಜಾಗ ಪುರಸಭೆಯದು. ಅದನ್ನು ಸೋಫಾ ಕುರ್ಚಿ ತುಂಬಿಡುವ ಗೋಡೌನಿಗೆ ಕೊಡುತ್ತಾರಂತೆ ಎಂದು ಮಾತು ಹುಟ್ಟಿದ ಹೊತ್ತಿಗೇ ಅಲ್ಲಿಗೊಬ್ಬಳು ಕಲಾವಿದೆ ಬಂದಳು. ಮೋಟು ಕೂದಲು, ಬಣ್ಣ ಸಿಡಿದ ಬೂಟು. ಆರು ತಿಂಗಳ ಮಟ್ಟಿಗೆ ಹಾಲ್ ಕೇಳಿಕೊಂಡು ಬಂದಿದ್ದಳು. ಹೆಂಗಸರಿಗೆಲ್ಲ ಅವಳು ಮೇಡಂ. ಮೊದಲ ದಿನ ಅವಳನ್ನು ವಿಚಾರಿಸಿದ್ದು ಗುಂಡಿ ಅಜ್ಜಿ. ಮೂವತ್ತು ವರ್ಷ ಬರೀ ಗುಂಡಿ ಹೊಲಿದು ಬೆನ್ನು ಗೂನಾದ ಮುದುಕಿ.

"ಚಿತ್ರ ಬರೀತೀಯಾ?"

"ಇಲ್ಲ ಅಜ್ಜಿ."

"ಹೊಲಿತೀಯಾ?"

"ಬರಲ್ಲ. ನಾನು ಜನರ ಹತ್ರ ಮಾಡಿಸ್ತೀನಿ."

"ಹಾಗಾದ್ರೆ ಸೂಪರ್‌ವೈಸರ್ ಅಂತನ್ನು" ಅಂದಳು ಅಜ್ಜಿ. ಎಲ್ಲರೂ ನಕ್ಕರು, ಮೇಡಂ ಕೂಡ.

ಮೇಡಂ ಹೇಳಿದ್ದು ಇಷ್ಟು: ಇಷ್ಟು ವರ್ಷ ಕಾಣದ ಊರಿನವರ ಅಂಗಿ ಹೊಲಿದಿರಿ, ಈಗ ನಿಮ್ಮ ನೆನಪಿನದ್ದನ್ನು ಒಂದು ಸಲ ಹೊಲಿಯಿರಿ. ಅದನ್ನೆಲ್ಲ ಗೋಡೆಗೆ ತೂಗುಹಾಕಿ ಊರಿಗೆ ತೋರಿಸೋಣ. ಅಂಥದೇ ಹೊಲಿಗೆಯ ಚೀಲ ಮಾಡಿ ಮಾರೋಣ. ನಿಮ್ಮದೇ ಒಂದು ಸಂಘ ಆಗಲಿ, ಈ ಹಾಲ್ ಆ ಸಂಘಕ್ಕೇ ಸಿಗುವ ಹಾಗೆ ಮಾಡೋಣ. ಇಪ್ಪತ್ಮೂರು ಹೆಂಗಸರು ಹೂಂ ಅಂದರು.

ಟೇಪಕ್ಕ ಮನಸ್ಸಿಟ್ಟು ಹೊಲಿದಳು. ಒಂದು ಕಾಲರು, ಒಂದು ತೋಳಿನ ಪಟ್ಟಿ, ಎದೆಯ ಮೇಲೆ ಇಪ್ಪತ್ತು ನೆರಿಗೆ. ಅಂಗುಲಕ್ಕೆ ಹನ್ನೆರಡು ಹೊಲಿಗೆ, ಎಲ್ಲಿ ಬೇಕಾದರೂ ಎಣಿಸಿಕೊಳ್ಳಿ. ಮೇಡಂ ಅದನ್ನು ತಿರುಗಿಸಿ ನೋಡಿ, "ಎಷ್ಟು ನೀಟಾಗಿದೆ" ಎಂದು ಮಡಚಿ ಕಪಾಟಿನ ಮೇಲಿಟ್ಟಳು. ನೀಟು ಅಂದಳು, ಅಷ್ಟೇ. ಹದಿನೇಳು ವರ್ಷ ನುರಿತ ಕೈಗೆ ಸಿಕ್ಕಿದ್ದು ಆ ಒಂದು ಪದ.

ಸೊಟ್ಟಿ ಹೊಲಿದದ್ದು ಪಾಯಿಖಾನೆಯ ಮುಂದಿನ ಸಾಲು. ಕಾರ್ಖಾನೆಯಲ್ಲಿ ಒಂದು ಲೈನಿಗೆ ಒಂದೇ ಟೋಕನ್ ಇತ್ತು. ಹೋದವಳು ಬಂದು ಟೋಕನ್ ಕೊಟ್ಟ ಮೇಲೆ ಇನ್ನೊಬ್ಬಳು ಹೋಗಬೇಕು. ಬಟ್ಟೆಯ ಮೇಲೆ ಹತ್ತು ಸೊಟ್ಟ ಹೆಂಗಸರು ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದರು. ನೋಡಿದವರು ಮೊದಲು ಬಿದ್ದುಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಮೇಡಂ ಅದನ್ನು ಕಿಟಕಿಯ ಬಳಿ ಒಯ್ದು ಬಹಳ ಹೊತ್ತು ನಿಂತಳು.

"ಈ ಸೊಟ್ಟ ಇದೆಯಲ್ಲ, ಇದನ್ನ ದಯವಿಟ್ಟು ಯಾರೂ ನೆಟ್ಟಗೆ ಮಾಡೋಕೆ ಹೋಗ್ಬೇಡಿ" ಅಂದಳು.

ನೆಟ್ಟಗೆ ಮಾಡಿಸುವುದೇ ತನ್ನ ಜನ್ಮದ ಕೆಲಸ ಅಂದುಕೊಂಡಿದ್ದವಳು ಅಲ್ಲೇ, ಎರಡು ಮಾರು ದೂರದಲ್ಲಿ ನಿಂತಿದ್ದಳು. ಅವತ್ತು ಹತ್ತಿಕೊಂಡಿತು ನೋಡಿ, ಟೇಪಕ್ಕನ ಹೊಟ್ಟೆಯೊಳಗೆ.

ಚೀಲಗಳು ಶುರುವಾದವು. ಸೊಟ್ಟಿ ಚಿತ್ರ ಹಾಕಿಕೊಡುವುದು, ಉಳಿದವರು ಅದನ್ನು ನೋಡಿಕೊಂಡು ಹೊಲಿಯುವುದು. ಪೇಟೆಯ ಅಂಗಡಿಯವರು ಇನ್ನಷ್ಟು ಕೊಡಿ ಎಂದು ಫೋನ್ ಮಾಡತೊಡಗಿದರು. ಹೊಲಿಗೆಯಲ್ಲಿ ಹೆಸರು ಮಾಡಿದ್ದ ಹೆಂಗಸರು, ಸೂಜಿಯ ಮೇಲೆ ಆಣೆಯಿಟ್ಟು ನೆಟ್ಟಗೆ ನಡೆದವರು, ಕೈ ಬೇಕೆಂದೇ ಅಲುಗಿಸಿಕೊಂಡು ಸೊಟ್ಟ ಹೊಲಿಯಲು ಕಲಿಯುವುದನ್ನು ಟೇಪಕ್ಕ ಕಣ್ಣಾರೆ ನೋಡಬೇಕಾಯಿತು. ಚೀಲದ ಲೇಬಲ್ಲಿಗೆ ಏನು ಹೆಸರು ಎಂಬ ಮಾತು ಬಂದಾಗ ಯಾರೋ "ಸೊಟ್ಟ ಅಂತಲೇ ಇಡೋಣ" ಅಂದರು. ಎಲ್ಲರಿಗೂ ಹಿಡಿಸಿಬಿಟ್ಟಿತು.

"ಅದು ನಾನಿಟ್ಟ ಹೆಸರು" ಅಂದಳು ಟೇಪಕ್ಕ, ತಮಾಷೆಯ ದನಿಯಲ್ಲಿ.

"ಹೌದಲ್ಲ. ಟೇಪಕ್ಕಂಗೆ ಒಂದು ಚಪ್ಪಾಳೆ" ಅಂದಳು ಮೇಡಂ.

ಚಪ್ಪಾಳೆ ಬಿತ್ತು. ಬೈದು ಇಟ್ಟ ಹೆಸರಿಗೆ ಚಪ್ಪಾಳೆ ಹೊಡೆಸಿಕೊಂಡು ಟೇಪಕ್ಕ ನಗಬೇಕಾಯಿತು. ಆಮೇಲೆ ಅವಳಿಗೆ ಫಿನಿಶಿಂಗ್ ಟೇಬಲ್ ವಹಿಸಿದರು. ಅಂದರೆ ಉಳಿದ ದಾರ ಕತ್ತರಿಸುವುದು, ಕಚ್ಚಾ ಹೊಲಿಗೆ ಬಿಚ್ಚುವುದು, ಇಸ್ತ್ರಿ ಮಾಡುವುದು. "ನಿಮ್ಮಷ್ಟು ಚೊಕ್ಕವಾಗಿ ಇನ್ಯಾರು ಮಾಡ್ತಾರೆ" ಎಂದು ಬೆಣ್ಣೆ ಹಚ್ಚಿಯೇ ವಹಿಸಿದರು. ಓರಗಿತ್ತಿ ಮಾಡಿದ್ದಕ್ಕೆ ಇಸ್ತ್ರಿ ತಿಕ್ಕುವ ಕೆಲಸ ಎಂದು ಟೇಪಕ್ಕನ ಒಳಗಿನವಳು ಅದನ್ನು ಬೇರೆ ಥರ ಓದಿಕೊಂಡಳು.

ಮನೆಯಲ್ಲೂ ನೆಮ್ಮದಿಯಿಲ್ಲ. ಕೆಳಗಿನ ಎರಡು ಕೋಣೆ ಟೇಪಕ್ಕನದು, ಮೇಲಿನ ಎರಡು ಸೊಟ್ಟಿಯದು, ನಡುವೆ ಕಬ್ಬಿಣದ ಮೆಟ್ಟಿಲು. ಯಾರು ಯಾರು ಬಂದರು, ಎಷ್ಟು ಹೊತ್ತು ಕೂತರು, ಎಲ್ಲ ಆ ಮೆಟ್ಟಿಲಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಈಗ ಮೆಟ್ಟಿಲಿಗೆ ಬಿಡುವಿಲ್ಲ. ಒಂದು ಬೆಳಿಗ್ಗೆ ಗಂಡ ಪೇಪರ್ ಹಿಡಿದು ಅಡುಗೆಮನೆಗೆ ಬಂದ.

"ನೋಡೇ, ನಿನ್ನ ಸೊಟ್ಟಿ ಪೇಪರ್‌ನಲ್ಲಿ ಬಂದಿದ್ದಾಳೆ. ಎಷ್ಟು ದೊಡ್ಡ ಫೋಟೋ ನೋಡು."

"ಕನ್ನಡಕ ಇಲ್ಲ ನನ್ನ ಹತ್ರ."

"ತಲೆ ಮೇಲೇ ಇದೆಯಲ್ಲೇ."

ಅವನ ಮಗ್ಗುಲಲ್ಲಿ ಇಪ್ಪತ್ತೆಂಟು ವರ್ಷದಿಂದ ಮಲಗುವವಳು ಅವನಿಗೆ ಆ ಕ್ಷಣ ಶತ್ರುವಿನ ಹಾಗೆ ಕಂಡಿರಬೇಕು, ಹಾಗೆ ನೋಡಿದಳು. ಅವನು ಪೇಪರನ್ನು ಮಡಚಿಕೊಂಡು ಹೊರಗೆ ಹೋದ. ಅವನು ಹೋದ ಮೇಲೆ ಟೇಪಕ್ಕ ಕನ್ನಡಕ ಹಾಕಿಕೊಂಡು, ಫೋಟೋದಲ್ಲಿ ಸೊಟ್ಟಿಯ ಹಿಂದೆ ತನ್ನ ಇಸ್ತ್ರಿ ಟೇಬಲ್ಲಿನ ಒಂದು ಕಾಲಾದರೂ ಬಂದಿದೆಯೋ ಎಂದು ಹುಡುಕಿದಳು. ಬಂದಿರಲಿಲ್ಲ.

ಹಾಗಂತ ಸೊಟ್ಟಿ ಮೆರೆದಳೇ? ಇಲ್ಲ. ಮೆರೆದಿದ್ದರೆ ಟೇಪಕ್ಕನಿಗೆ ಎಷ್ಟೋ ಸಲೀಸಾಗುತ್ತಿತ್ತು, ನಾಲ್ಕು ಜನರ ಮುಂದೆ ಬಯ್ಯಬಹುದಿತ್ತು. ಅವಳು ಮೊದಲಿನ ಹಾಗೇ "ಅಕ್ಕ, ಇದಕ್ಕೆ ಯಾವ ದಾರ ಹಾಕ್ಲಿ" ಎಂದು ಕೇಳಿಕೊಂಡು ಬರುತ್ತಿದ್ದಳು. ಹೊಲಿದದ್ದನ್ನು ಮೊದಲು ತಂದು ತೋರಿಸುವುದೂ ಅಕ್ಕನಿಗೇ. ಇದೊಂದು ಬೇರೆ ಉರಿ.

ಪ್ರದರ್ಶನದ ದಿನ ಗೊತ್ತಾಯಿತು. ಪುರಸಭೆಯ ಅಧ್ಯಕ್ಷೆ, ಸದಸ್ಯರು ಎಲ್ಲರೂ ಬರುವವರು. ಅದನ್ನು ನೋಡಿದ ಮೇಲೆ ಈ ಹಾಲ್ ಹೆಂಗಸರ ಸಂಘಕ್ಕೋ, ಗೋಡೌನಿಗೋ ಎಂದು ನಿರ್ಧಾರ. ನಡುಗೋಡೆಯಲ್ಲಿ, ದೊಡ್ಡ ಕಿಟಕಿಗೆ ಅಡ್ಡಲಾಗಿ, ಸೊಟ್ಟಿಯ ಬಟ್ಟೆಯನ್ನು ತೂಗುಹಾಕುವುದೆಂದು ಮೇಡಂ ಹೇಳಿದಳು. ಹನ್ನೆರಡು ಅಡಿ ಉದ್ದದ ಮಾಸಲು ಬಿಳಿ ಬಟ್ಟೆ, ಅದರ ಮೇಲೆ ಕೆಂಪು ದಾರದಲ್ಲಿ ಮನೆಯಿಂದ ಕಾರ್ಖಾನೆಯವರೆಗಿನ ದಾರಿ. ಎಡತುದಿಯಲ್ಲಿ ಕಬ್ಬಿಣದ ಮೆಟ್ಟಿಲು, ಆಮೇಲೆ ಬೀದಿ, ಸೇತುವೆ, ಟೀ ಅಂಗಡಿ. ಬಲಗಡೆ ಗೇಟು, ಗೇಟಿನಲ್ಲಿ ಮೀಸೆಯ ಕಾವಲುಗಾರ, ಅವನ ಕಾಲ ಬಳಿ ಒಂದು ನಾಯಿ, ಒಳಗೆ ಸಾಲು ಸಾಲು ಮೆಷಿನ್ನು, ಅವುಗಳ ಮುಂದೆ ಲೈನಿನ ಹೆಂಗಸರು. ಇಷ್ಟನ್ನೂ ಅವಳು ಹೊಲಿದದ್ದು ಕಚ್ಚಾ ಹೊಲಿಗೆಯಲ್ಲಿ. "ನನಗೆ ಮೊದಲು ಬಂದಿದ್ದು ಅದೇ, ಕೈಗೆ ಅದೇ ಸಲೀಸು" ಅನ್ನುತ್ತಿದ್ದಳು.

ಬಟ್ಟೆಯನ್ನು ನೆಲಕ್ಕೆ ಹಾಸಿದಾಗ ಎಲ್ಲರೂ ತಮ್ಮನ್ನು ತಾವೇ ಹುಡುಕಿ ಬೆರಳಿಟ್ಟು ಕಿರುಚಾಡಿದರು. ಗುಂಡಿ ಅಜ್ಜಿ ತನ್ನ ಗೂನನ್ನು ಕಂಡು ಖುಷಿಪಟ್ಟಳು. ಟೇಪಕ್ಕ ಎಡದಿಂದ ಬಲಕ್ಕೆ ನೋಡಿದಳು, ಬಲದಿಂದ ಎಡಕ್ಕೆ ನೋಡಿದಳು. ಚೆಕಿಂಗ್ ಟೇಬಲ್ ಇತ್ತು, ಮೇಲೆ ತೂಗುವ ದೀಪವೂ ಇತ್ತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ.

"ನಾಯಿಗೂ ಜಾಗ ಇದೆ. ನಾನೆಲ್ಲೇ?" ಎಂದು ನಗುನಗುತ್ತಲೇ ಕೇಳಿದಳು.

"ನಿಮ್ಮನ್ನ ಹೊಲಿಯೋಕೆ ಧೈರ್ಯ ಬರ್ಲಿಲ್ಲ ಅಕ್ಕ. ಸೊಟ್ಟ ಆದ್ರೆ ಬಿಚ್ಚಿಸ್ತೀರ" ಅಂದಳು ಸೊಟ್ಟಿ.

ಇಡೀ ಹಾಲೇ ನಕ್ಕಿತು. ಸೊಟ್ಟಿ ನಿಜವನ್ನೇ ಹೇಳಿದ್ದಳು, ಅದು ಟೇಪಕ್ಕನಿಗೂ ಗೊತ್ತು. ಆದರೆ ಇಪ್ಪತ್ತೆರಡು ಜನರ ನಗುವಿನ ನಡುವೆ ನಿಂತವಳಿಗೆ ಅದು ಕೆನ್ನೆಗೆ ಬಾರಿಸಿದ ಹಾಗೇ ಕೇಳಿಸಿತು.

ಮರುದಿನ ಮಧ್ಯಾಹ್ನ ಎಲ್ಲರೂ ಕೈ ತೊಳೆದುಕೊಂಡು ಊಟಕ್ಕೆ ಹಿತ್ತಲಿಗೆ ಹೋದರು. "ನೀವು ನಡೀರಿ, ಇದೊಂದು ಇಸ್ತ್ರಿ ಮುಗಿಸಿ ಬರ್ತೀನಿ" ಅಂದಳು ಟೇಪಕ್ಕ. ಇದೊಂದು ಅಂದರೆ ಆ ಬಟ್ಟೆಯೇ. ಇಸ್ತ್ರಿ ಪೆಟ್ಟಿಗೆ ಇನ್ನೂ ಕಾಯುತ್ತಿತ್ತು. ಮೇಜಿನ ಮೇಲೆ ಬಲತುದಿ ಹರಡಿಕೊಂಡಿತ್ತು, ಹಿತ್ತಲಿನಿಂದ ಡಬ್ಬಿ ಮುಚ್ಚಳದ ಸದ್ದು, ಸೊಟ್ಟಿಯ ಹೆಸರು ಹಿಡಿದು ಯಾರೋ ಕೂಗಿದ್ದು ಕೇಳಿಸುತ್ತಿತ್ತು. ಆರೇ ಆರು ಹೊಲಿಗೆಯ ನಾಯಿ ಅವಳ ಮುಂದೆ ಬಾಲ ಎತ್ತಿಕೊಂಡು ನಿಂತಿತ್ತು.

ಕತ್ತರಿ ಎದುರಿಗೇ ಗೂಟಕ್ಕೆ ನೇತಾಡುತ್ತಿತ್ತು. ಟೇಪಕ್ಕ ಅದನ್ನು ಮುಟ್ಟಲಿಲ್ಲ. ನಾಯಿಯ ಬಾಲದ ಬಳಿಯ ಗಂಟನ್ನು ಉಗುರಿನಲ್ಲಿ ಹಿಡಿದು ಎಳೆದಳು. ದಾರ ಸರ್ರನೆ ಬಂತು. ನಾಯಿ ಹೋಯಿತು. ಅದೇ ದಾರದಲ್ಲಿ ಕಾವಲುಗಾರನ ಬೂಟು, ಮೊಣಕಾಲು. ಎಷ್ಟು ಹಿತವಾಯಿತೆಂದರೆ, ಹೇಳುವುದಕ್ಕೇ ನಾಚಿಕೆಯಾಗಬೇಕು. ಎರಡನೆಯ ಗಂಟು ಹುಡುಕಿದಳು, ಮೂರನೆಯದು. ಮೀಸೆ, ಗೇಟು, ಮೆಷಿನ್ನುಗಳ ಸಾಲು, ಗುಂಡಿ ಅಜ್ಜಿಯ ಗೂನು. ಕೊನೆಗೆ ಚೆಕಿಂಗ್ ಟೇಬಲ್ಲಿನ ಹಿಂದಿನ ಆ ಖಾಲಿ ಕುರ್ಚಿ. ಅಲ್ಲಿಗೆ ಬಂದಾಗ ಬಟ್ಟೆ ಸುರುಟಿಕೊಂಡು ಅಂಚಿನಲ್ಲಿ ಚರ್ರೆಂದಿತು. ಆ ಸದ್ದಿಗೆ ಟೇಪಕ್ಕನಿಗೆ ಎಚ್ಚರವಾಯಿತು. ಅರ್ಧ ಬಟ್ಟೆ ಬೋಳಾಗಿತ್ತು, ಕಾಲ ಬಳಿ ಕೆಂಪು ದಾರ ಗುಡ್ಡೆಯಾಗಿ ಬಿದ್ದಿತ್ತು. ಮುಚ್ಚಿಡಲು ಹೊತ್ತಿರಲಿಲ್ಲ, ಹಿತ್ತಲಿನಿಂದ ಹೆಂಗಸರು ಬರುತ್ತಿದ್ದರು.

ಬಾಗಿಲಲ್ಲಿ ಎಲ್ಲರೂ ನಿಂತುಬಿಟ್ಟರು. ಆಮೇಲೆ ಗುಂಡಿ ಅಜ್ಜಿ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ಕಚ್ಚಾ ಹೊಲಿಗೆ ಕಂಡ್ರೆ ಇವಳ ಕೈ ಸುಮ್ನಿರುತ್ತೇನ್ರೇ? ಇಸ್ತ್ರಿಗೆ ಮುಂಚೆ ಬಿಚ್ಚೋದು ಹುಟ್ಟುಗುಣ. ನಾನಾಗಿದ್ರೂ ಬಿಚ್ತಿದ್ದೆ."

ಉಸಿರು ಬಿಟ್ಟ ಹಾಗೆ ಎಲ್ಲರೂ ನಕ್ಕರು. ಹೌದಲ್ಲ, ನಾವು ಹೊಲಿಗೆಯವರಲ್ಲದೆ ಇನ್ಯಾರು ಇಂಥ ತಪ್ಪು ಮಾಡಿಯಾರು, ಬೇರೆಯವರಾಗಿದ್ದರೆ ಅದನ್ನು ಚಿತ್ರ ಎಂದೇ ತಿಳಿಯುತ್ತಿದ್ದರು ಎಂದು ತಾವೇ ಸಮಾಧಾನ ಹೇಳಿಕೊಂಡರು. ಕೇಳದೇ ಸಿಕ್ಕ ನೆಪ ಅದು. ಟೇಪಕ್ಕ ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡಳು.

"ಕೈ ತಾನಾಗೇ ಹೋಯ್ತು" ಅಂದಳು. "ಅಭ್ಯಾಸ ನೋಡಿ."

ಸೊಟ್ಟಿ ಬಗ್ಗಿ ನೆಲದಿಂದ ಒಂದು ದಾರ ಎತ್ತಿದಳು. ಅದು ತೋಳುದ್ದ ಇತ್ತು. ಇನ್ನೊಂದು ಎತ್ತಿದಳು, ಅದೂ ತೋಳುದ್ದ. ಒಂದಾದರೂ ತುಂಡಾಗಿರಲಿಲ್ಲ. ಬಟ್ಟೆ ಸುರುಟಿದ ಕಡೆ ಬೆರಳಾಡಿಸಿದಳು, ಗೂಟದಲ್ಲಿದ್ದ ಕತ್ತರಿಯನ್ನು ನೋಡಿದಳು, ಕೊನೆಗೆ ಟೇಪಕ್ಕನನ್ನು ನೋಡಿದಳು.

"ಹೌದು" ಅಂದಳು. "ಅಕ್ಕಂಗೆ ಅಭ್ಯಾಸ."

ಹಾಗೆ ಅನ್ನುತ್ತ ಆ ಉದ್ದ ದಾರವನ್ನು ತನ್ನ ನಾಲ್ಕು ಬೆರಳಿಗೆ ಮೆಲ್ಲಗೆ ಸುತ್ತಿಕೊಳ್ಳುತ್ತಿದ್ದಳು. ಇಪ್ಪತ್ಮೂರು ಹೊಲಿಗೆಯವರಿದ್ದ ಕೋಣೆಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ ಇದ್ದರು, ಕಲಿಸಿದವಳು ಮತ್ತು ಕಲಿತವಳು.

ಮತ್ತೆ ಹೊಲಿಯೋಣ, ಎಲ್ಲರೂ ಕೂತರೆ ಸಂಜೆಗೆ ಮುಗಿದೀತು ಎಂದು ಹೆಂಗಸರು ಸೂಜಿ ಹುಡುಕತೊಡಗಿದರು. ಮೇಡಂ ಬೇಡ ಅಂದಳು. ಬಟ್ಟೆಯನ್ನು ಬೆಳಕಿಗೆ ಎತ್ತಿಹಿಡಿಸಿ ನೋಡಿ, ಹೀಗೇ ಇರಲಿ ಅಂದಳು.

ಪ್ರದರ್ಶನದ ಬೆಳಿಗ್ಗೆ ಕಿಟಕಿಯ ಬಿಸಿಲು ಆ ಬಟ್ಟೆಯ ಹಿಂದೆ ಬಿತ್ತು. ಎಡಗಡೆ ಕೆಂಪು ದಾರಿ ಮನೆಯಿಂದ ಹೊರಟು, ಸೇತುವೆ ದಾಟಿ, ಟೀ ಅಂಗಡಿಯವರೆಗೆ ಬಂದು ನಿಂತುಬಿಡುತ್ತಿತ್ತು. ಆಮೇಲೆ ಬರೀ ಸೂಜಿಯ ತೂತುಗಳು, ಒಂದೊಂದರಲ್ಲೂ ಒಂದು ಚುಕ್ಕಿ ಬೆಳಕು. ಕಣ್ಣು ಕಿರಿದು ಮಾಡಿ ನೋಡಿದರೆ ಗೇಟು ಇತ್ತು, ಮೆಷಿನ್ನು ಇತ್ತು, ನಾಯಿಯೂ ಇತ್ತು. ಅಧ್ಯಕ್ಷೆ ದಪ್ಪನೆಯ ಹೆಂಗಸು, ಗಡಿಬಿಡಿಯಲ್ಲೇ ಬಂದವಳು. ಆ ಬಟ್ಟೆಯ ಮುಂದೆ ಮಾತ್ರ ಫೋನು ಬಡಿದುಕೊಂಡರೂ ಎತ್ತದೆ ನಿಂತಳು.

"ನಮ್ಮಮ್ಮ ಇಲ್ಲೇ ಗುಂಡಿಗೆ ಕಾಜಾ ಹಾಕ್ತಿದ್ಲು" ಅಂದಳು ಕೊನೆಗೆ, ಕಣ್ಣೊರೆಸಿಕೊಂಡು. "ಈ ಕಡೆ ಅರ್ಧ ಇದೆಯಲ್ಲ, ಏನೂ ಇಲ್ಲದ್ದು. ಅದೇ ನನಗೆ ಹಿಡೀತು. ಹೀಗೇ ಹೋಯ್ತು ಕಾರ್ಖಾನೆ. ಯಾರು ಮಾಡಿದ್ದಿದು?"

"ಹೊಲಿದಿದ್ದು ಸೊಟ್ಟಿ" ಎಂದು ಮೇಡಂ ಶುರುಮಾಡಿದಳು.

ಆಗ ಟೇಪಕ್ಕನಿಗೆ ಏನಾಯಿತು ಎಂದು ಹೇಳಿದರೆ ನೀವು ನಂಬಬೇಕು. ನಾಚಿಕೆಯಾಗಲಿಲ್ಲ, ಭಯವಾಗಲಿಲ್ಲ. ಮತ್ತೆ ಹೊಟ್ಟೆಕಿಚ್ಚೇ ಆಯಿತು. ಆ ಅರ್ಧ ನನ್ನದು. ಊರ ಅಧ್ಯಕ್ಷೆಯ ಕಣ್ಣಲ್ಲಿ ನೀರು ತರಿಸಿದ ಅರ್ಧ ನಾನು ಮಾಡಿದ್ದು. ಅದೂ ಇವಳ ಲೆಕ್ಕಕ್ಕೇ ಹೋಗುವುದಾ? ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಮೇಡಂ ನಡೆದದ್ದನ್ನು ಹೇಳಿಬಿಟ್ಟಳು. ಕಚ್ಚಾ ಹೊಲಿಗೆ ಕಂಡು ಅಭ್ಯಾಸದ ಕೈ ಬಿಚ್ಚಿಬಿಟ್ಟದ್ದು, ಎಲ್ಲರೂ ನಕ್ಕದ್ದು. ಅಧ್ಯಕ್ಷೆಯೂ ನಕ್ಕಳು.

"ಹಾಗಾದ್ರೆ ಅವರ ಹೆಸರೂ ಹಾಕಿ ಕೆಳಗೆ. 'ತಪ್ಪಿ ಬಿಚ್ಚಿದವರು' ಅಂತ."

"ಹಾಕೋಣ್ವಾ?" ಎಂದು ಮೇಡಂ ಸೊಟ್ಟಿಯ ಕಡೆ ತಿರುಗಿದಳು. ಬಟ್ಟೆ ಅವಳದಲ್ಲವೇ, ಅವಳನ್ನೇ ಕೇಳಬೇಕು.

ಟೇಪಕ್ಕನ ಎದೆ ಹೊಡೆದುಕೊಂಡಿತು. ಹಾಕಲಿ, ಹಾಕಲಿ ಎಂದೇ ಹೊಡೆದುಕೊಂಡಿತು.

"ಹಾಕಿ" ಅಂದಳು ಸೊಟ್ಟಿ. "ಆದ್ರೆ ತಪ್ಪಿ ಅಂತ ಬರೀಬೇಡಿ."

ಎಂಥ ದೊಡ್ಡ ಮನಸ್ಸು ಎಂದು ಮೇಡಂ ಅವಳ ಹೆಗಲು ತಬ್ಬಿಕೊಂಡಳು. ಕಲೆಯಲ್ಲಿ ತಪ್ಪು ಅನ್ನುವುದೇ ಇಲ್ಲ ಎಂದು ಅಧ್ಯಕ್ಷೆಗೆ ವಿವರಿಸಿದಳು. ಗುಂಡಿ ಅಜ್ಜಿ ಚಪ್ಪಾಳೆ ತಟ್ಟಿದಳು, ಉಳಿದವರೂ ತಟ್ಟಿದರು. ಟೇಪಕ್ಕ ಕೊರಳಿನ ಟೇಪಿನ ಎರಡೂ ತುದಿ ಹಿಡಿದುಕೊಂಡು ನಿಂತಿದ್ದಳು. ಸೊಟ್ಟಿ ಅವಳ ಕಡೆ ನೋಡಲಿಲ್ಲ.

ಮುಂದಿನ ವಾರ ಹಾಲ್ ಐದು ವರ್ಷಕ್ಕೆ ಸಂಘದ ಪಾಲಾಯಿತು. ಆ ಬಟ್ಟೆ ಅಲ್ಲೇ ನಡುಗೋಡೆಯಲ್ಲಿದೆ. ಕೆಳಗೆ ಒಂದು ಪುಟ್ಟ ಕಾರ್ಡು: ಹೊಲಿದವರು, ಸೊಟ್ಟಿ. ಬಿಚ್ಚಿದವರು, ಟೇಪಕ್ಕ. ಹೊಸದಾಗಿ ಸೇರಲು ಬಂದ ಹೆಂಗಸರು ಅದನ್ನು ಓದಿ, ಬಿಚ್ಚಿದವರನ್ನು ಒಮ್ಮೆ ತೋರಿಸಿ ಎಂದು ಫಿನಿಶಿಂಗ್ ಟೇಬಲ್ಲಿನವರೆಗೆ ಬರುತ್ತಾರೆ. ಟೇಪಕ್ಕ ತಲೆಯೆತ್ತಿ ಸಣ್ಣಗೆ ನಗುತ್ತಾಳೆ. ಸೊಟ್ಟಿ ಈಗಲೂ ಅಕ್ಕ ಅಂತಲೇ ಕರೆಯುತ್ತಾಳೆ, ಬೆಳಿಗ್ಗೆ ಇಬ್ಬರೂ ಅದೇ ದಾರಿಯಲ್ಲಿ ಒಟ್ಟಿಗೇ ನಡೆದು ಬರುತ್ತಾರೆ. ಹೊಲಿದ ಚೀಲಗಳನ್ನು ತಂದು ಮೇಜಿನ ಮೇಲಿಡುವವಳೂ ಅವಳೇ. ಆದರೆ ಇಡುವ ಮೊದಲು ತನ್ನ ಜಾಗದಲ್ಲೇ ಕೂತು, ನಾಲ್ಕು ಬೆರಳಿಗೊಂದು ಕತ್ತರಿ ಹಾಕಿ, ಕಚ್ಚಾ ಹೊಲಿಗೆಯನ್ನು ತಾನೇ ತುಂಡು ತುಂಡಾಗಿ ಬಿಚ್ಚಿರುತ್ತಾಳೆ. ಅವತ್ತಿನಿಂದ ಇವತ್ತಿನವರೆಗೆ ಬಿಚ್ಚಲು ಒಂದೇ ಒಂದು ದಾರ ಉಳಿಸಿಕೊಂಡ ಬಟ್ಟೆಯೂ ಓರಗಿತ್ತಿಯ ಕೈಯಿಂದ ಟೇಪಕ್ಕನ ಮೇಜಿಗೆ ಬಂದಿಲ್ಲ.